ವೀರಭದ್ರನ ಮೈಕು

ಮೊಬೈಲಿನ ಬಂದೂಕಿನಾಟದಲ್ಲಿ ಸೌಜನ್ಯಳ ಹೆಸರು ವೀರಭದ್ರ. ಆಟ ಕಟ್ಟಿದ ಪುಣ್ಯಾತ್ಮರು ಹೆಣ್ಣು ಪಾತ್ರಗಳ ಕೈಗೆ ಬಂದೂಕು ಕೊಟ್ಟು ಮೈಗೆ ಬಟ್ಟೆ ಕೊಡುವುದನ್ನೇ ಮರೆತಿದ್ದರು. ಅದಕ್ಕೇ ಅವಳು ಗಂಡಿನ ವೇಷ ಹಾಕಿದ್ದಳು. ತಂಡದವರೆಲ್ಲ ಅವಳ ಊರಾದ ಹೊಸಪೇಟೆಯವರೇ, ಎಲ್ಲರದೂ ಸುಳ್ಳು ಹೆಸರು. ಅವಳು ಮಾತ್ರ ಎಂದೂ ಮೈಕು ಹಾಕಿದವಳಲ್ಲ.

ಇವತ್ತು ಇಯರ್‌ಫೋನ್ ಹಾಕಿಕೊಂಡು ಆಡುವಾಗ ಬೆರಳು ತಪ್ಪಿ ಮೈಕು ಆನ್ ಆಯಿತು. ಅದೇ ಹೊತ್ತಿಗೆ ಬೀದಿಯಲ್ಲಿ ಉಳ್ಳಾಗಡ್ಡಿ ಗಾಡಿಯ ಸ್ಪೀಕರ್ ಕೂಗಿತು. ಅಡುಗೆಮನೆಯಿಂದ ಅವ್ವನೂ ಕೂಗಿದಳು: "ಸೌಜನ್ಯಾ, ಗಾಡಿ ಬಂತು ನೋಡವಾ!"

"ಲೇ, ವೀರಭದ್ರ ಹುಡುಗಿ ಅದಾಳಲೇ!"

ತಂಡ ಕೇಕೆ ಹಾಕಿತು. ಆಮೇಲೆ ಬಂದಂಥ ಮಾತನ್ನು ಅವರು ಆಟದ ಶತ್ರುವಿಗೂ ಆಡಿರಲಿಲ್ಲ. 'ಹುಲಿ' ಎಂಬ ಹೆಸರಿನವನೊಬ್ಬ ಮಾತ್ರ ಸುಮ್ಮನಿದ್ದ. ಅವನ ಮೈಕಿನಲ್ಲೂ ಅದೇ ಉಳ್ಳಾಗಡ್ಡಿ ಗಾಡಿ ಕೂಗುತ್ತಿತ್ತು.

ಸೌಜನ್ಯ ಎದ್ದು ಕಿಟಕಿ ಹಾಕಿದಳು.

ಅಷ್ಟರಲ್ಲಿ ಯಾರೋ ಮುಂಬಾಗಿಲು ಬಡಿದರು. ದಿನಾ ಅವಳನ್ನು ತಂಗಿ ಎಂದು ಮಾತಾಡಿಸುವ ಎದುರುಮನೆಯ ಈಶ್ವರಣ್ಣ.

"ಅಮ್ಮಾರ, ನಿಮಗೂ ಉಳ್ಳಾಗಡ್ಡಿ ತಂದೀನ್ರಿ. ತಂಗಿ ಒಳಗದಾಳೇನ್ರಿ?"

ಆ ಮಾತು ಬಾಗಿಲಾಚೆಯಿಂದಲೂ ಬಂತು, ಕಿವಿಯ ಇಯರ್‌ಫೋನಿನಿಂದಲೂ ಬಂತು.

"ಬಂದೆ, ತಡಿಯಪ್ಪಾ," ಎನ್ನುತ್ತ ಅವ್ವ ಚಿಲಕಕ್ಕೆ ಕೈ ಹಾಕಿದಳು.