ಆಮೇಲೆ ಮತ್ತು ಆದ್ದರಿಂದ

ಆ ದಿನ ಬೆಳಿಗ್ಗೆ ವಚನಾಗೆ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅಮ್ಮನ ಫೋನಿಗೆ ಬಂದ ಮೆಸೇಜನ್ನು ಅವಳು ಓದಿಬಿಟ್ಟಿದ್ದಳು. ಓದಬಾರದಿತ್ತು ಅನ್ನಿಸಿದ್ದು ಓದಿ ಮುಗಿದ ಮೇಲೆ.

‘ತಂದೆ ತಾಯಂದಿರೇ ಎಚ್ಚರ! ಮಕ್ಕಳ ಕಳ್ಳರು ನಮ್ಮ ಏರಿಯಾಗೆ ಬಂದಿದ್ದಾರೆ. ಮೊನ್ನೆ ಪಕ್ಕದ ಲೇಔಟ್‌ನಲ್ಲಿ ಒಬ್ಬ ಮುದುಕ ಹೆಗಲಿಗೆ ಚೀಲ ಹಾಕಿಕೊಂಡು ಸ್ಕೂಲ್ ಹತ್ತಿರ ಓಡಾಡುತ್ತಿದ್ದ. ಅದೇ ಸಂಜೆ ಒಂದು ಹೆಣ್ಣುಮಗು ಕಾಣೆಯಾಯಿತು. ಇವರು ಬೇರೆ ಕಡೆಯವರು, ಮಾತು ಬೇರೆ ಥರ ಇರುತ್ತದೆ. ಅಡ್ರೆಸ್ ಕೇಳುವ ನೆಪದಲ್ಲಿ ಹತ್ತಿರ ಬರುತ್ತಾರೆ. ಎಲ್ಲರಿಗೂ ಕಳಿಸಿ.’

ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಅದನ್ನೇ ಓದಿ ಮಗಳ ಮುಖ ನೋಡಿದಳು. “ನೋಡು, ಯಾರಾದ್ರೂ ಕರೆದ್ರೆ ನಿಲ್ಲಬೇಡ. ಗಾನವಿ ಜೊತೇಲೇ ಬಾ. ಗಾರ್ಮೆಂಟ್ಸಿಂದ ನಾನು ಬರೋದು ಲೇಟಾಗುತ್ತೆ, ಬಾಗಿಲು ಹಾಕ್ಕೊಂಡು ಒಳಗಿರು” ಎಂದಳು. ಅಮ್ಮ ಇಷ್ಟು ಮೆತ್ತಗೆ ಮಾತಾಡಿದ್ದೇ ವಚನಾಗೆ ಇನ್ನೂ ಹೆದರಿಕೆ ತಂದಿತು.

ಏಳನೇ ಕ್ಲಾಸಿನ ಕಿಟಕಿಯಿಂದ ಬೆಂಗಳೂರಿನ ಸುಂಕದಕಟ್ಟೆ ಸ್ಕೂಲಿನ ಮುಂದಿನ ಬೀದಿ ಪೂರ್ತಿ ಕಾಣುತ್ತಿತ್ತು. ಅವತ್ತು ಬೆಳಿಗ್ಗೆಯೆಲ್ಲ ವಚನಾ ನೋಡಿದ್ದು ಆ ಬೀದಿಯನ್ನೇ. ಸೊಪ್ಪಿನವನು ಹೋದ, ಗುಜರಿಯವನು ಹೋದ. ಗುಜರಿಯವನ ಹೆಗಲ ಮೇಲೂ ಚೀಲವಿತ್ತು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

“ಪಾಠ ಏನು ಹೇಳುತ್ತೆ ಅನ್ನೋದು ಹಾಗಿರ್ಲಿ, ಮೊದಲು ಅದನ್ನ ಹೇಗೆ ಜೋಡಿಸಿದ್ದಾರೆ ನೋಡಿ” ಎನ್ನುತ್ತಿದ್ದರು ಕುಸುಮಾ ಮಿಸ್. ಕತೆಯಲ್ಲ, ಪದ್ಯವಲ್ಲ, ಮಾಹಿತಿ ಕೊಡುವ ಬರಹಗಳ ಪಾಠ ಅದು. ರೇಷ್ಮೆ ಹುಳು ಗೂಡು ಕಟ್ಟುವುದನ್ನು ಹೇಳುವ ಬರಹ ಒಂದಾದ ಮೇಲೊಂದು ಹಂತವಾಗಿ ಸಾಗುತ್ತದೆ. ರಾಗಿ, ಅಕ್ಕಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದರೆ ಅದು ಹೋಲಿಕೆ. ಕೆರೆಯಲ್ಲಿ ನೊರೆ ಏಕೆ ಏಳುತ್ತದೆ ಎಂದು ಹೇಳಿದರೆ ಕಾರಣ, ಪರಿಣಾಮ. ಇಷ್ಟು ಹೇಳಿ ಮಿಸ್ ಬೋರ್ಡಿನ ಮೇಲೆ ಎರಡು ಸಾಲು ಬರೆದರು. ‘ನಮ್ಮ ಬೀದಿಗೆ ಹೊಸಬರು ಬಾಡಿಗೆಗೆ ಬಂದರು. ಮಾರನೇ ದಿನ ಬೋರ್‌ವೆಲ್ ಬತ್ತಿತು.’

“ಇದು ಯಾವ ಥರ?”

“ಕಾರಣ, ಪರಿಣಾಮ ಮಿಸ್!” ವಚನಾಳ ಪಕ್ಕದ ಮನೆಯ ಗಾನವಿ ಎದ್ದು ನಿಂತು ಕೂಗಿದಳು.

“ಎಲ್ಲಿ ಬರೆದಿದೆ? ಬಂದು ತೋರಿಸು.”

ಗಾನವಿ ಬೋರ್ಡನ್ನು ಎರಡೆರಡು ಸಲ ಓದಿದಳು. “ಹೊಸಬರು ಬಂದ್ರಲ್ಲ ಮಿಸ್, ಆಮೇಲೆ ಬತ್ತಿತಲ್ಲ...”

“ನೋಡು, ನೀನೇ ಹೇಳ್ದೆ. ‘ಆಮೇಲೆ.’ ಬೋರ್ಡ್ ಮೇಲಿರೋದು ಅಷ್ಟೇ. ‘ಆದ್ದರಿಂದ’ ಅನ್ನೋದನ್ನ ಸೇರಿಸಿದ್ದು ನಿನ್ನ ತಲೆ ಕಣೇ. ಬೋರ್‌ವೆಲ್ ಎರಡು ವರ್ಷದಿಂದ ಬತ್ತುತ್ತಾ ಬಂದಿದ್ರೆ? ಓದುವಾಗ ಎರಡು ಸಾಲಿನ ಮಧ್ಯದ ಅಂಟು ಬರೆದೋರದಾ, ನಮ್ಮದಾ ಅಂತ ಕೇಳ್ಕೋಬೇಕು.”

ಮಕ್ಕಳು ನಕ್ಕರು. ವಚನಾಗೆ ನಗು ಬರಲಿಲ್ಲ. ಮಿಸ್ ಕೊಟ್ಟ ಹಾಳೆಯಲ್ಲಿ ಅವಳು ಹೆಸರು ಬರೆದು, ಉಳಿದದ್ದನ್ನು ಹಾಗೇ ಬಿಟ್ಟಿದ್ದಳು.

ಆ ಮೆಸೇಜನ್ನು ಗಾನವಿಯೂ ಓದಿದ್ದಳು. ಸಂಜೆ ಇಬ್ಬರೂ ಕೈ ಕೈ ಹಿಡಿದುಕೊಂಡೇ ಹೊರಟರು. ಮಾಗಡಿ ರೋಡಿನ ಜನಜಂಗುಳಿ ಇರುವವರೆಗೂ ಧೈರ್ಯವಿತ್ತು. ಅಲ್ಲಿಂದ ಒಳಗಿನ ಕ್ರಾಸಿಗೆ ತಿರುಗಿದರೆ ಒಂದು ಕಡೆ ಮುಚ್ಚಿದ ಶೆಡ್ಡಿನ ಗೋಡೆ, ಇನ್ನೊಂದು ಕಡೆ ಕಟ್ಟುತ್ತಿರುವ ಮನೆ. ಅದನ್ನು ದಾಟಿದರೆ ಹನುಮಕ್ಕನ ಪ್ರಾವಿಷನ್ ಸ್ಟೋರ್, ಅದರಾಚೆ ಮನೆ. ಗೋಡೆಯ ಪಕ್ಕದಲ್ಲಿ ನಡೆಯುವಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಇವರು ಜೋರಾಗಿ ನಡೆದರೆ ಅದೂ ಜೋರಾಗುತ್ತಿತ್ತು.

“ತಂಗೀ... ಏ ತಂಗಿ, ಸ್ವಲ್ಪ ನಿಂದ್ರವ್ವ.”

ವಚನಾ ನಡಿಗೆ ಇನ್ನೂ ಜೋರು ಮಾಡಿದಳು. ಮಾತು ಬೇರೆ ಥರ. ಗಾನವಿ ಅವಳ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ವಚನಾಳ ಸ್ಕೂಲ್ ಬ್ಯಾಗಿನ ಮೇಲೆ ಒಂದು ಕೈ ಬಿತ್ತು. ಬಾಗಿಲು ತಟ್ಟುವ ಹಾಗೆ, ಮೆಲ್ಲಗೆ.

ತಿರುಗಿದರೆ ಒಬ್ಬ ಮುದುಕ. ಬಿಳಿ ಅಂಗಿ, ಪಂಚೆ, ಹಣೆಯ ಮೇಲೆ ಬೆವರಿಗೆ ಕಲಸಿಹೋದ ವಿಭೂತಿ. ಹೆಗಲಿನಲ್ಲಿ ಚೀಲ.

“ಇಲ್ಲಿ ನೀರಿನ ಟ್ಯಾಂಕ್ ಎಲ್ಲೈತವ್ವ? ನನ ಮಗನ ಮನಿ ಅದರ ಬಾಜೂಕ ಐತಂತ...”

ಗಾನವಿ ಕಿರುಚಿದಳು. ಅವಳು ಹಾಗೆ ಕಿರುಚಿದ್ದನ್ನು ವಚನಾ ಎಂದೂ ಕೇಳಿರಲಿಲ್ಲ. ಕಿರುಚುತ್ತಲೇ ಅವಳು ಕೈ ಕಿತ್ತುಕೊಂಡು ಮನೆಯ ಕಡೆ ಓಡಿದಳು. ವಚನಾ ಓಡಲಿಲ್ಲ. ಓಡಬೇಕು ಅಂದುಕೊಂಡಳು, ಕಾಲು ಬರಲಿಲ್ಲ. ಮುದುಕನೂ ಬೆಚ್ಚಿ ನಿಂತಿದ್ದ. ಅವನ ಬಾಯಿ ಸ್ವಲ್ಪ ತೆರೆದೇ ಇತ್ತು.

ಎಲ್ಲಿದ್ದರೋ ಅಷ್ಟು ಜನ! ಕಟ್ಟಡದ ಕೆಲಸದವರು ಇಳಿದು ಬಂದರು, ಬೈಕಿನವರು ಬೈಕ್ ಅಲ್ಲಲ್ಲೇ ಬಿಟ್ಟು ಬಂದರು. ಎಲ್ಲರಿಗಿಂತ ಮೊದಲು ಓಡಿಬಂದವನು ಭೈರೇಶ್. ಅದೇ ಬೀದಿಯಲ್ಲಿ ಗೂಡ್ಸ್ ಟೆಂಪೊ ಇಟ್ಟುಕೊಂಡಿದ್ದವನು, ಹಬ್ಬಕ್ಕೆ ಮಕ್ಕಳಿಗೆಲ್ಲ ಪಟಾಕಿ ಹಂಚುವವನು. ಅವನು ಮುದುಕನ ಕತ್ತುಪಟ್ಟಿ ಹಿಡಿದು ಹನುಮಕ್ಕನ ಅಂಗಡಿಯ ಮುಂದಕ್ಕೆ ಎಳೆದುಕೊಂಡು ಬಂದ. ಯಾರೋ ವಚನಾಳನ್ನೂ ತೋಳು ಹಿಡಿದು ಅಲ್ಲಿಗೇ ತಂದರು.

“ಇವನೇ ಕಣ್ರೋ! ಮೆಸೇಜಲ್ಲಿ ಹಾಕಿದ್ರಲ್ಲ, ಅವನೇ!”

“ಚೀಲ ನೋಡೋ ಮಚ್ಚಾ, ಚೀಲ ನೋಡು!”

ಚೀಲವನ್ನು ರಸ್ತೆಗೆ ಸುರಿದರು. ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ ಚೂರುಚೂರಾಗಿ ಚೆಲ್ಲಿತು. ಶೇಂಗಾ ಚಟ್ನಿಪುಡಿಯ ಪೊಟ್ಟಣ ಒಡೆಯಿತು. ಕೊನೆಗೆ ಒಂದು ಪುಟ್ಟ ಗುಲಾಬಿ ಫ್ರಾಕ್ ಬಿತ್ತು. ಎಲ್ಲರೂ ಅದನ್ನೇ ಬಗ್ಗಿ ನೋಡಿದರು. ಆಮೇಲೆ ಗದ್ದಲ ಎರಡರಷ್ಟಾಯಿತು.

“ಮಕ್ಕಳ ಬಟ್ಟೆ ಯಾಕೋ ಇಟ್ಕೊಂಡಿದೀಯ?”

“ಮೊಮ್ಮಗಳಿಗ್ರೀ... ನಾ ರೇವಣಸಿದ್ದಯ್ಯ ಅಂತ. ಕೊಪ್ಪಳದ ಕಡೀಂದ ಬಂದೀನ್ರೀ. ಮಗಗ ಫೋನ್ ಹತ್ತವಲ್ದು...” ಅವನ ಮಾತು ಯಾರ ಕಿವಿಗೂ ಹೋಗಲಿಲ್ಲ. ಹತ್ತಾರು ಫೋನುಗಳನ್ನು ಅವನ ಮುಖಕ್ಕೆ ಹಿಡಿದಿದ್ದರು.

ಭೈರೇಶ್ ವಚನಾಳ ಮುಂದೆ ಮಂಡಿಯೂರಿ ಕೂತ. ಅವನ ಧ್ವನಿ ಮಾತ್ರ ಪ್ರೀತಿಯದೇ. “ಹೆದರ್ಬೇಡ ಪುಟ್ಟಿ, ಅಣ್ಣ ಇದೀನಿ. ಇವನು ನಿನ್ನ ಮುಟ್ಟಿದ್ನಾ, ಇಲ್ವಾ? ಅಷ್ಟು ಹೇಳು ಸಾಕು.”

ವಚನಾಗೆ ಸುತ್ತಲೂ ಕಾಲುಗಳೇ ಕಂಡವು. ಬ್ಯಾಗ್ ಮುಟ್ಟಿದ್ದು ನಿಜ. ಸುಳ್ಳು ಹೇಳಬಾರದು. “ಮುಟ್ಟಿದ್ರು” ಎಂದಳು.

ಮುಂದಿನದು ಬಾಯಿಂದ ಹೊರಡುವಷ್ಟರಲ್ಲಿ ಯಾರದೋ ಕೈ ಬೀಸಿತು. ಮುದುಕನ ತಲೆ ಅಂಗಡಿಯ ಕಂಬಿಗೆ ಬಡಿಯಿತು. ವಿಭೂತಿಯ ನಡುವಿನಿಂದ ರಕ್ತ ಸಣ್ಣಗೆ ಇಳಿದು ಹುಬ್ಬಿನ ಹತ್ತಿರ ನಿಂತಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಎರಡೂ ಕೈ ಜೋಡಿಸಿದ.

ಬೆಳಗಿನಿಂದ ವಚನಾ ಹೆದರಿದ್ದು ಮೆಸೇಜಿನ ಮುದುಕನಿಗೆ. ಈಗ ಅವಳಿಗೆ ತನ್ನ ಒಂದು ಮಾತಿನ ಬಗ್ಗೆಯೇ ಹೆದರಿಕೆ ಹುಟ್ಟಿತು. ತಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತಿಗೆ ಇವರೆಲ್ಲ ಏನನ್ನೋ ಅಂಟಿಸಿದ್ದರು. ಈ ತಾತ ಬಂದರು, ಆಮೇಲೆ ಗಾನವಿ ಕಿರುಚಿದಳು. ಅವರು ಮುಟ್ಟಿದರು, ಆಮೇಲೆ ಗಾನವಿ ಓಡಿದಳು. ಇವರ ತಲೆಯಲ್ಲಿ ‘ಆಮೇಲೆ’ ಎಲ್ಲವೂ ‘ಆದ್ದರಿಂದ’ ಆಗಿಹೋಗಿತ್ತು. ಬೆಳಿಗ್ಗೆ ಅವಳ ತಲೆಯಲ್ಲೂ ಹಾಗೇ ಆಗಿತ್ತಲ್ಲವೇ? ಮುದುಕ ಓಡಾಡುತ್ತಿದ್ದ, ಸಂಜೆ ಮಗು ಕಾಣೆಯಾಯಿತು. ಆ ಮುದುಕನೇ ಮಗುವನ್ನು ಒಯ್ದ ಎಂದು ಆ ಮೆಸೇಜಿನಲ್ಲಿ ಎಲ್ಲಿ ಬರೆದಿತ್ತು?

“ಅಲ್ಲ!” ಎಂದಳು. ಭೈರೇಶನ ತೋಳು ಹಿಡಿದು ಎಳೆದಳು. “ಅಣ್ಣ, ಹಾಗಲ್ಲ, ಪೂರ್ತಿ ಕೇಳಿ...”

“ಆಯ್ತು ಪುಟ್ಟಿ, ನೀನು ಮನೆಗೆ ಹೋಗು.”

ಯಾರೂ ಕೇಳುವ ಹಾಗಿರಲಿಲ್ಲ. ವಚನಾ ಕಾಲುಗಳ ನಡುವೆ ನುಸುಳಿ ಅಂಗಡಿಯ ಮೆಟ್ಟಿಲು ಹತ್ತಿದಳು. ಹನುಮಕ್ಕ ಗಲ್ಲಾದ ಹಿಂದೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಸುಂಕದಕಟ್ಟೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದವರು, ಬೀದಿಯ ಅರ್ಧ ಮನೆಗಳು ಅವರವೇ. ಭೈರೇಶ್ ಅವರ ಮೈದುನನ ಮಗ.

“ಅಜ್ಜೀ, ಅವ್ರು ಏನೂ ಮಾಡಿಲ್ಲ. ಬ್ಯಾಗ್ ತಟ್ಟಿ ಅಡ್ರೆಸ್ ಕೇಳಿದ್ರು ಅಷ್ಟೇ.” ಅವಳು ಅಳುತ್ತಿದ್ದಳು. “ನನ್ನ ಮಾತು ಕೇಳ್ತಾ ಇಲ್ಲ ಅಜ್ಜೀ, ಹೊಡೀತಾ ಇದಾರೆ.”

ಹನುಮಕ್ಕ ಅವಳ ಮುಖವನ್ನೇ ನೋಡಿದರು. ಅವರ ಕಣ್ಣಿನಲ್ಲೂ ಹೆದರಿಕೆಯಿತ್ತು. ಆ ಮೆಸೇಜ್ ಅವರಿಗೂ ಬಂದಿತ್ತು. “ನಿಜ ಹೇಳ್ತಿದೀಯಾ? ನಿನ್ನ ಎಳೆದ್ನಾ? ಬಾಯಿ ಮುಚ್ಚಿದ್ನಾ?”

“ಇಲ್ಲ. ಆಣೆಗೂ ಇಲ್ಲ.”

ಹನುಮಕ್ಕ ಗಲ್ಲಾ ದಾಟಿ ಹೊರಗೆ ಬಂದರು. ಸಕ್ಕರೆ ಅಳೆಯುವ ಡಬ್ಬ ಕೈಯಲ್ಲೇ ಇತ್ತು. ಅದನ್ನು ಶಟರಿಗೆ ಪಟಪಟನೆ ಬಡಿದರು. “ಏಯ್ ಭೈರೇಶ! ಕೈ ಇಳಿಸೋ! ನಂ ಅಂಗಡಿ ಮುಂದೆ ಹೆಣ ಬೀಳಿಸ್ತೀಯೇನೋ? ಕೂಸು ಏನೋ ಹೇಳ್ತಾ ಐತೆ, ಮೊದ್ಲು ಕೇಳ್ರೋ!”

“ದೊಡ್ಡಮ್ಮ, ನಿಮಗೆ ಗೊತ್ತಾಗಲ್ಲ, ನೀವು ಒಳಗೆ ಹೋಗಿ.”

“ಗೊತ್ತಾಗಲ್ಲ, ಅದಕ್ಕೇ ಕೇಳ್ತೀನಿ. ನೀನೂ ಕೇಳು.”

ಗದ್ದಲ ಸ್ವಲ್ಪ ತಗ್ಗಿತು. ವಚನಾ ಮೆಟ್ಟಿಲ ಮೇಲೆ ನಿಂತಳು. ಬರೀ ಹೌದು ಅಥವಾ ಇಲ್ಲ ಎಂದರೆ ಇನ್ನೊಂದು ಏಟು ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮೊದಲಿನಿಂದ ಶುರುಮಾಡಿದಳು.

“ಬೆಳಿಗ್ಗೆ ನಾನು ಅಮ್ಮನ ಫೋನಲ್ಲಿ ಮೆಸೇಜ್ ಓದಿದೆ. ಗಾನವೀನೂ ಓದಿದ್ಲು. ಅದಕ್ಕೇ ನಮಗೆ ಭಯ ಇತ್ತು. ಇವ್ರು ಬರೋಕ್ಕಿಂತ ಮುಂಚೇನೇ ಭಯ ಇತ್ತು. ಇವ್ರು ಹಿಂದಿನಿಂದ ತಂಗಿ ಅಂತ ಕರೆದ್ರು. ನಾವು ನಿಲ್ಲಲಿಲ್ಲ. ನಿಲ್ಲಲಿಲ್ಲ ಅಂತ ಬ್ಯಾಗ್ ತಟ್ಟಿದ್ರು. ನೀರಿನ ಟ್ಯಾಂಕ್ ಎಲ್ಲಿದೆ ಅಂತ ಕೇಳಿದ್ರು. ಅಷ್ಟೇ ಮಾಡಿದ್ದು. ಗಾನವಿ ಕಿರುಚಿದ್ದು ಇವ್ರು ಏನೋ ಮಾಡಿದ್ರು ಅಂತಲ್ಲ. ಮೆಸೇಜ್ ಓದಿದ್ದಕ್ಕೆ.”

ಹಿಂದಿನಿಂದ ಒಬ್ಬ, “ಮಕ್ಕಳಿಗೇನು ಗೊತ್ತಾಗುತ್ತೆ ಗುರು, ಹೆದರಿಸಿರ್ತಾನೆ” ಎಂದ. ಇನ್ನೊಬ್ಬ, “ಮತ್ತೆ ಆ ಫ್ರಾಕು?” ಎಂದ. ಗುಂಪು ಮತ್ತೆ ಅಲುಗಾಡಿತು. ತನ್ನ ಮಾತು ಸಾಲಲಿಲ್ಲ ಎಂದು ವಚನಾಗೆ ತಿಳಿಯಿತು.

ಆದರೆ ಹನುಮಕ್ಕನಿಗೆ ಸಾಕಾಗಿತ್ತು. ಅವರು ಮುದುಕನ ರಟ್ಟೆ ಹಿಡಿದು ಅಂಗಡಿಯೊಳಗೆ ದಬ್ಬಿ, ಶಟರನ್ನು ಬರ್ರೆಂದು ಎಳೆದು, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು. ವಚನಾಳನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. “ಈಗ ಮುಟ್ಟು ಬಾರೋ, ಯಾರು ಮುಟ್ತೀಯೋ!”

ಭೈರೇಶ್ ಎರಡು ಹೆಜ್ಜೆ ಮುಂದೆ ಬಂದ. ಅವನ ಹಿಂದೆ ಬಂದವರು ಶಟರಿಗೆ ಗುದ್ದಿದರು. ಗುದ್ದಿದಾಗಲೆಲ್ಲ ವಚನಾಳ ಬೆನ್ನಿಗೆ ತಗಡಿನ ನಡುಕ ಬಡಿಯಿತು. ಹನುಮಕ್ಕ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಒಳಗಿನಿಂದ ಮುದುಕನ ಧ್ವನಿ ಬಂತು. ಅವನು ಒಂದೊಂದೇ ಅಂಕಿಯಾಗಿ ಮಗನ ನಂಬರ್ ಹೇಳುತ್ತಿದ್ದ.

“ನೋಡ್ರೋ, ನಂಬರ್ ಹೇಳ್ತಾವ್ನೆ. ಭೈರೇಶ, ನಿನ್ನ ಫೋನಿಂದಾನೇ ಮಾಡು. ಸುಳ್ಳಾದ್ರೆ ಶಟರ್ ನಾನೇ ಎತ್ತುತೀನಿ” ಎಂದರು ಹನುಮಕ್ಕ.

ಅವನು ಫೋನ್ ಮಾಡಿದ. ಮೊದಲ ಸಲ ಯಾರೂ ಎತ್ತಲಿಲ್ಲ. ಗುಂಪಿನಲ್ಲಿ ಯಾರೋ ನಕ್ಕರು. ಎರಡನೇ ಸಲ ಎತ್ತಿದರು. ಭೈರೇಶ್ ಕೇಳಿಸಿಕೊಳ್ಳುತ್ತಾ ಹೋದಂತೆ ಅವನ ಮುಖ ಬಾಡಿತು. “ನೀರಿನ ಟ್ಯಾಂಕ್ ಪಕ್ಕಾನಾ... ಹೌದಾ... ಇಲ್ಲೇ ಇದಾರೆ. ಬೇಗ ಬನ್ನಿ” ಎಂದು ಫೋನ್ ಇಟ್ಟ. ಯಾರ ಮುಖವನ್ನೂ ನೋಡದೆ, ರಸ್ತೆಯ ಮೇಲೆ ಬಿದ್ದಿದ್ದ ಫ್ರಾಕನ್ನು ಎತ್ತಿ ಮಣ್ಣು ಕೊಡವತೊಡಗಿದ. ಗುಂಪಿನ ಹಿಂದಿನ ಸಾಲು ಮೆಲ್ಲಗೆ ಕರಗಿತು.

ಮಗ ರುದ್ರಮುನಿ ಡೆಲಿವರಿ ಬ್ಯಾಗ್ ಬೆನ್ನಿಗಿದ್ದ ಹಾಗೇ ಬೈಕಿನಲ್ಲಿ ಬಂದ. ಅವನ ಹಿಂದೆಯೇ ಪೊಲೀಸ್ ಜೀಪ್ ಬಂತು. ಅದಕ್ಕೆ ಯಾರು ಫೋನ್ ಮಾಡಿದ್ದರೋ ತಿಳಿಯಲಿಲ್ಲ. ಶಟರ್ ಎತ್ತಿದರೆ ರೇವಣಸಿದ್ದಯ್ಯ ಅಕ್ಕಿ ಮೂಟೆಗಳ ಸಂದಿಯಲ್ಲಿ ಮುದುರಿ ಕೂತಿದ್ದರು.

“ಅಪ್ಪಾ, ನಾ ರುದ್ರಮುನಿ. ಹೊರಗ ಬಾ.”

“ಅವ್ರು ಹ್ವಾದ್ರೇನು?”

“ಹ್ವಾದ್ರು. ಬಾ.”

ಮಗನ ಅಂಗಿಯನ್ನು ಹಿಡಿದುಕೊಂಡೇ ಅವರು ಹೊರಗೆ ಬಂದರು. ವಚನಾಳ ಯೂನಿಫಾರ್ಮ್ ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿದರು. ಅವಳಿಗೆ ಅದು ಏಟಿಗಿಂತ ಹೆಚ್ಚು ನೋಯಿತು. ಕ್ಷಮಿಸಿ ಎನ್ನಬೇಕೆಂದುಕೊಂಡಳು, “ತಾತಾ” ಎಂದಷ್ಟೇ ಬಂತು. ಅವರು ಮಗನ ಕಡೆ ತಿರುಗಿ ಮೆಲ್ಲಗೆ, “ಈ ಮಕ್ಕಳಿಗೆ ಯಾರ್ ಏನ್ ಹೇಳಿ ಹೆದರಿಸ್ಯಾರೋ ಏನೋ” ಎಂದರು. ಆಮೇಲೆ ಆಸ್ಪತ್ರೆಗೆ ಹೋಗಲು ಜೀಪು ಹತ್ತಿದರು. ಪೊಲೀಸರು ಭೈರೇಶನನ್ನೂ ಇನ್ನಿಬ್ಬರನ್ನೂ ಸ್ಟೇಷನ್ನಿಗೆ ಬರಹೇಳಿದರು. ಅವನು ತಲೆತಗ್ಗಿಸಿಕೊಂಡು ಹೋದ.

ಹನುಮಕ್ಕ ವಚನಾಳ ಕೈ ಹಿಡಿದು ಮನೆಯವರೆಗೆ ಬಂದರು. ಪಕ್ಕದ ಮನೆಯ ಬಾಗಿಲು ಬೆರಳಷ್ಟು ತೆರೆದುಕೊಂಡಿತು. ಒಳಗಿನಿಂದ ಗಾನವಿಯ ಅತ್ತು ಕೆಂಪಾದ ಒಂದು ಕಣ್ಣು ಕಾಣಿಸಿತು.

“ಹಿಡಿದ್ರಾ ಕಣೇ ಆ ಕಳ್ಳನ್ನ?”

ವಚನಾ ಅವರ ಮನೆಯ ಹೊಸ್ತಿಲ ಮೇಲೇ ಕೂತಳು. “ಬಾಗಿಲು ತೆಗಿ ಗಾನು” ಎಂದಳು. “ಮೊದಲಿಂದ ಹೇಳ್ತೀನಿ.”