ಎರಡು ಕಂಬದ ಲಿಫ್ಟು

ಇಪ್ಪತ್ತೆರಡು ವರ್ಷ ಕಾರುಗಳ ಕೆಳಗೆ ಅಂಗಾತ ಮಲಗಿ ದುಡಿದ ನನ್ನ ಬೆನ್ನು ಹೋದ ಕಾರ್ತಿಕದಲ್ಲಿ ಕೈಕೊಟ್ಟಿತು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಇನ್ನೊಂದು ವರ್ಷ ಹೀಗೇ ನೆಲಕ್ಕೆ ಮಲಗಿದರೆ ಕಾಲು ನಿಮ್ಮ ಮಾತು ಕೇಳುವುದಿಲ್ಲ" ಎಂದರು. ಅವರಿಗೇನು, ಹೇಳಿದರು. ಹೊಳಲ್ಕೆರೆಯಲ್ಲಿ ಹೊಸದುರ್ಗದ ರಸ್ತೆಗೆ ನಮ್ಮ ಮನೆ. ಮನೆಯ ಮುಂದಿನ ಅಂಗಳದಲ್ಲೇ ನನ್ನ ತಗಡಿನ ಶೆಡ್ಡು. ಬೇರೆ ಕೆಲಸ ನನಗೆ ಬರುವುದಿಲ್ಲ, ನಲವತ್ತಾರಕ್ಕೆ ಕಲಿಯುವುದೂ ಇಲ್ಲ. ಗಾಡಿಯನ್ನು ಮೇಲೆತ್ತುವ ಲಿಫ್ಟು ಹಾಕಿಸಬೇಕು, ಇಲ್ಲವೇ ಶೆಡ್ಡಿಗೆ ಬೀಗ ಜಡಿಯಬೇಕು.

ಹಿರಿಯೂರಿಗೆ ಹೋಗಿ ಒಬ್ಬರ ಗ್ಯಾರೇಜಿನಲ್ಲಿ ಕತ್ತರಿ ಲಿಫ್ಟು ನೋಡಿ ಬಂದೆ. ಅದಕ್ಕೆ ನೆಲ ಕೊರೆಯುವ ಗೋಜಿಲ್ಲ, ಬೇಕಾದ ಕಡೆ ತಳ್ಳಿಕೊಂಡು ಹೋಗಬಹುದು. ಆದರೆ ಗಾಡಿಯ ಹೊಟ್ಟೆಯ ಕೆಳಗೇ ಅಡ್ಡ ಕೂತಿರುತ್ತದೆ, ಗೇರ್‌ಬಾಕ್ಸ್ ಇಳಿಸಲು ಜಾಗವಿಲ್ಲ. ಏಳುವುದೂ ಸೊಂಟದೆತ್ತರಕ್ಕೆ. ಬಗ್ಗಿಯೇ ಸಾಯುವುದಾದರೆ ಲಿಫ್ಟು ಯಾಕೆ? ನಾಲ್ಕು ಕಂಬದ್ದಕ್ಕೆ ನನ್ನ ಶೆಡ್ಡು ಸಾಲದು. ಉಳಿದದ್ದು ಎರಡು ಕಂಬದ್ದು. ಅದು ಗಾಡಿಯನ್ನು ಆಳೆತ್ತರ ಎತ್ತುತ್ತದೆ, ಕೆಳಗೆ ಮನುಷ್ಯರ ಹಾಗೆ ನಿಂತು ಕೆಲಸ ಮಾಡಬಹುದು. ಅದರ ಜೀವವೆಲ್ಲ ನೆಲದಲ್ಲಿ. ಆರಿಂಚು ಗಟ್ಟಿ ಕಾಂಕ್ರೀಟು ಇಲ್ಲದಿದ್ದರೆ ಬೋಲ್ಟು ಕಿತ್ತುಕೊಂಡು ಗಾಡಿ ತಲೆಯ ಮೇಲೆ ಬೀಳುತ್ತದೆ. ನೆಲದ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಅದನ್ನು ಹಾಕಿಸಿದವನು ನಾನೇ.

ಚಿಂತೆ ಹತ್ತಿದ್ದು ನಮ್ಮವ್ವ ಹುಲಿಗೆಮ್ಮನಿಗೆ.

"ಕಂಬದ್ದು ಬ್ಯಾಡ ಕಣೋ ದುರ್ಗೇಶ. ಹಿರಿಯೂರಾಗೆ ನೋಡ್ದೆ ಅಂದ್ಯಲ್ಲ, ಅದನ್ನೇ ತಗಾ. ನೆಲ ಅಗೀಬ್ಯಾಡ."

"ಯಾಕ್ ಬ್ಯಾಡ?"

"ಬ್ಯಾಡ ಅಂದ್ರೆ ಬ್ಯಾಡ."

ಎಪ್ಪತ್ತೆಂಟರ ಮುದುಕಿ. ಸ್ಪಾನರಿಗೂ ಸೌಟಿಗೂ ವ್ಯತ್ಯಾಸ ಗೊತ್ತಿಲ್ಲದವಳು ನನಗೆ ಲಿಫ್ಟು ಆರಿಸಿಕೊಡುತ್ತಾಳೆ! ಯಾರೋ ಶಾಸ್ತ್ರದವರು ತಲೆ ಕೆಡಿಸಿರಬೇಕು ಅಂದುಕೊಂಡೆ. ಅವಳು ಎರಡು ದಿನ ಉಣ್ಣಲಿಲ್ಲ. ನನ್ನ ಹೆಂಡತಿ ಮಂಗಳಾ, "ರೀ, ಅತ್ತೆ ಮನಸ್ನಾಗೆ ಏನೋ ಐತೆ, ನಿಧಾನಕ್ಕೆ ಕೇಳ್ರಿ" ಎಂದಳು. ನಿಧಾನ ನನ್ನ ಜಾಯಮಾನದಲ್ಲಿಲ್ಲ. ಅವ್ವನ ಮುಂದೆ ನಿಂತು, "ನಾನು ಹಾಸಿಗೆ ಹಿಡಿದ್ರೆ ನನ್ನ ಉಚ್ಚೆ ನೀನು ಬಳೀತೀಯಾ?" ಎಂದು ಕೂಗಿಬಿಟ್ಟೆ. ಆ ಮಾತು ಆಡಬಾರದಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮರುದಿನ ಲಿಫ್ಟಿನ ಅಂಗಡಿಯ ಶಿವು ಚಿತ್ರದುರ್ಗದಿಂದ ಡ್ರಿಲ್ಲು ತಂದ. ಕಂಬ ನಿಲ್ಲುವ ಎರಡು ಜಾಗಕ್ಕೂ ಸುಣ್ಣದ ಗುರುತು ಹಾಕಿ, ನೆಲದ ದಪ್ಪ ನೋಡಲು ಕೊರೆದ. ಬಲಗಡೆ ಸರಿಯಿತ್ತು. ಎಡಗಡೆ ಕಾಂಕ್ರೀಟು, ಅದರಡಿಯ ಮಣ್ಣು ಕಳೆದ ಮೇಲೆ ಕಲ್ಲು ಸಿಕ್ಕಿತು, ಕಲ್ಲು ಕಳೆದದ್ದೇ ಡ್ರಿಲ್ಲು ಸರ್ರನೆ ಬುಡದವರೆಗೂ ಇಳಿದುಹೋಯಿತು.

"ಅಣ್ಣ, ಕೆಳಗೆ ಟೊಳ್ಳೈತೆ," ಎಂದ ಶಿವು.

ಹಾರೆ ತಂದು ಒಡೆದೆವು. ಕಾಂಕ್ರೀಟಿನಡಿ ಮಣ್ಣು, ಮಣ್ಣಿನಡಿ ಚಪ್ಪಡಿ, ಚಪ್ಪಡಿ ಸರಿಸಿದರೆ ಒಂದಾಳು ಇಳಿಯುವಷ್ಟು ದುಂಡನೆಯ ಕಪ್ಪು ಬಾಯಿ. ಹಗೇವು! ಹಿಂದಿನವರು ರಾಗಿ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಕಣಜ. ನಮ್ಮ ಅಂಗಳದಲ್ಲಿ ಅಂಥದ್ದು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅದರ ಮೇಲೆ ನೆಲ ಹಾಕಿಸಿ, ಇಷ್ಟು ವರ್ಷ ಅದರ ಮೇಲೆಯೇ ಮಲಗಿ ಕೆಲಸ ಮಾಡಿದ್ದೆ.

"ತುಂಬ್ಸಿಬಿಟ್ರಾಯ್ತು ಬಿಡಣ್ಣ. ಎಷ್ಟು ಆಳ ಐತೆ, ಇಳಿದು ನೋಡ್ತೀನಿ," ಎಂದು ಶಿವು ಅಂಚಿಗೆ ಕುಳಿತು ಒಂದು ಕಾಲು ಒಳಗಿಟ್ಟ.

ಅವ್ವ ಎಲ್ಲಿದ್ದಳೋ, ಓಡಿ ಬಂದು ಅವನ ಅಂಗಿಯ ಕಾಲರು ಹಿಡಿದು ಎಳೆದಳು. "ದೀಪ ಇಳಿಸ್ರೋ! ಮೊದ್ಲು ದೀಪ ಇಳಿಸ್ರೋ!"

ತಾನೇ ಹಣತೆ ಹಚ್ಚಿ ತಂದು, ಡಬ್ಬಿಯೊಳಗಿಟ್ಟು, ಹಗ್ಗ ಕಟ್ಟಿ ಬಿಟ್ಟಳು. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಗಾಳಿ ಇರಲಿಲ್ಲ, ಯಾರೂ ಊದಿರಲಿಲ್ಲ, ಸುಮ್ಮನೆ ಆರಿತು. ಶಿವು ಕಾಲು ಹೊರಗೆಳೆದುಕೊಂಡು ದೂರ ಹೋಗಿ ಕುಳಿತ.

ಅವ್ವ ಹಗ್ಗ ಹಿಡಿದುಕೊಂಡೇ ಹೇಳಿದಳು. ನನಗೊಬ್ಬ ಅಕ್ಕ ಇದ್ದಳು, ಉಚ್ಚಂಗಮ್ಮ, ನಾನು ಎಳೆಗೂಸಾಗಿದ್ದಾಗ ಜ್ವರ ಬಂದು ಸತ್ತಳು ಎಂದು ನನಗೆ ಹೇಳಿದ್ದರು. ಅದು ಜ್ವರವಲ್ಲ.

"ಮನೆಗೆ ನೆಂಟ್ರು ಬಂದಿದ್ರು. ರಾಗಿ ಹಿಟ್ಟು ಮುಗಿದಿತ್ತು. ಹಗೇವಿನಾಗೆ ವಿಷಗಾಳಿ ತುಂಬಿರ್ತೈತೆ, ಬಾಯಿ ತೆಗೆದ್ರೆ ಒಂದಿನ ಹಂಗೇ ಬಿಡ್ಬೇಕು, ದೀಪ ಇಳಿಸಿ ನೋಡಿ ಆಮ್ಯಾಕೆ ಇಳೀಬೇಕು. ನಂಗೆ ಗೊತ್ತಿತ್ತು. ಹೊತ್ತಾಗ್ತೈತೆ ಅಂತ ಬಿಟ್ಟೆ. ನಾನೇ ಇಳಿಸ್ದೆ ಕಣೋ, ಒಂದು ಮೊರ ತುಂಬ್ಕಂಡು ಬಾ ಮಗ ಅಂತ. ಆಮ್ಯಾಕೆ ಕೂಗಿದ್ರೆ ಓ ಅನ್ಲಿಲ್ಲ. ಬೋರಲು ಮಲಗಿ ಕೈ ಚಾಚಿದೆ. ಜಡೆ ಸಿಕ್ತು. ಎತ್ತಾಕಾಗ್ಲಿಲ್ಲ. ಗಂಡಸ್ರೆಲ್ಲ ಕೆರೆ ಕಡೆ ಹೋಗಿದ್ರು. ಅವ್ರು ಬಂದು ಮ್ಯಾಕೆ ಎತ್ತೋ ಹೊತ್ಗೆ ಉಸಿರಿರ್ಲಿಲ್ಲ."

"ಮತ್ತೆ ಯಾಕವ್ವ ಇಷ್ಟು ವರ್ಷ ಹೇಳ್ಲಿಲ್ಲ? ನಾನು ನೆಲ ಹಾಕಿಸೋವಾಗ್ಲಾದ್ರೂ..."

"ನಿಮ್ಮಪ್ಪ ಚಪ್ಪಡಿ ಎಳೆದು ಮಣ್ಣು ಮುಚ್ಚಿದ ದಿನ ನಿನ್ನ ತಲೆ ಮ್ಯಾಲೆ ನನ್ನ ಕೈ ಇಡಿಸಿ, ಯಾರಿಗೂ ಹೇಳ್ಬಾರ್ದು ಅಂತ ಆಣೆ ತಗಂಡ. ಒಂದನ್ನ ಕಳ್ಕಂಡಿದ್ದೆ. ಇನ್ನೊಂದ್ರ ತಲೆ ಮ್ಯಾಲಿನ ಆಣೆ ಮುರೀಲಾ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾಚಿಕೆಯಾಯಿತು, ಭಯವೂ ಆಯಿತು. ಅವಳು ಬೇಡ ಬೇಡ ಎಂದದ್ದು ಆಣೆ ಮುರಿಯದೆ ಹೇಳಬಹುದಾದ ಒಂದೇ ಮಾತಾಗಿತ್ತು. ಶಿವುಗೆ, "ಬೇಡ ಕಣಪ್ಪ, ಸಾಮಾನು ಕಟ್ಟು" ಎಂದೆ. ಶೆಡ್ಡು ಮುಚ್ಚುವುದೆಂದೇ ನಿರ್ಧರಿಸಿದೆ.

ಮೂರು ದಿನ ಆ ಬಾಯಿ ಹಾಗೇ ತೆರೆದಿತ್ತು. ಮಂಗಳಾ ಅದರ ಸುತ್ತ ಹಳೇ ಟೈರು ಜೋಡಿಸಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡುತ್ತಾ ಕುಳಿತಿದ್ದ ಅವ್ವ, "ತುಂಬ್ಸಿ ಕಂಬ ಹಾಕ್ಸು. ನೀನಾರ ನೆಟ್ಟಗೆ ನಿಲ್ಲು" ಎಂದಳು.

ತುಂಬಿಸಿದೆವು. ಜಲ್ಲಿ, ಸಿಮೆಂಟು ಎಷ್ಟು ಸುರಿದರೂ ಅದು ನುಂಗುತ್ತಲೇ ಇತ್ತು. ಕಾಂಕ್ರೀಟಿಗೆ ಇಪ್ಪತ್ತೆಂಟು ದಿನ ನೀರುಣಿಸಬೇಕು. ಆ ಕೆಲಸವನ್ನು ಅವ್ವ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಸಂಜೆ ಬಿಂದಿಗೆ ತಂದು, ಮೆಲ್ಲಗೆ, ಕೂಸಿಗೆ ಎರೆಯುವ ಹಾಗೆ ನೀರು ಬಿಡುತ್ತಿದ್ದಳು. ನಾನು ಆ ಕಡೆ ನೋಡದೆ ಒಳಗೆ ಹೋಗುತ್ತಿದ್ದೆ.

ಕಂಬ ನಿಂತ ದಿನ ಹೊರಕೆರೆದೇವಪುರದಿಂದ ಒಂದು ಬೊಲೆರೊ ಗೇರ್‌ಬಾಕ್ಸ್ ಕೆಲಸಕ್ಕೆ ಬಂತು. ತೋಳುಗಳನ್ನು ಕೂರಿಸಿ ಗುಂಡಿ ಒತ್ತಿದೆ. ಗುಂಯ್ ಎನ್ನುತ್ತಾ ಗಾಡಿ ಏಳತೊಡಗಿತು. ಅದರ ಕೆಳಗೆ ಹೋಗಿ ನಿಂತೆ. ಬೆನ್ನು ನೆಟ್ಟಗಿತ್ತು, ಎಲ್ಲೂ ನೋಯಲಿಲ್ಲ, ಆದರೂ ಸಂತೋಷ ಅನ್ನುವುದು ಹತ್ತಿರ ಸುಳಿಯಲಿಲ್ಲ.

ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಎಷ್ಟು ಭಾರ ಐತೋ ಅದು?"

"ಹದಿನೈದು ಹದಿನಾರು ಕ್ವಿಂಟಾಲು ಐತವ್ವ."

"ಒಂದು ಬೆರಳಾಗೆ ಒತ್ತಿದ್ರೆ ಮ್ಯಾಕೆ ಬಂದ್ಬಿಡ್ತೈತಾ?"

"ಹೂಂ."

ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಅವ್ಳು ಅರ್ಧ ಚೀಲ ರಾಗಿಯಷ್ಟೂ ಇರ್ಲಿಲ್ಲ ಕಣೋ," ಎಂದಳು.