ನಾಲ್ಕು ಗಂಟೆ ಬಗ್ಗಬಾರದು

ನನ್ನ ಗಂಡ ರಾಮಪ್ರಸಾದ್ ಅವರ ಎರಡು ಹುಬ್ಬುಗಳ ನಡುವೆ ಒಂದು ಗಂಟು ಇದೆ. ಇತ್ತು ಎನ್ನಬೇಕೇನೋ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದಾರೆ. ಒತ್ತಕ್ಷರದ ಬಾಲ ಸರಿಯಾಗಿ ಬಿದ್ದಿದೆಯೇ, ಅನುಸ್ವಾರದ ಜಾಗದಲ್ಲಿ ಇಂಗ್ಲಿಷಿನ ಸೊನ್ನೆ ಕೂತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ ನೋಡಿ ಅಲ್ಲಿ ಎರಡು ಗೆರೆ ನೆಟ್ಟಗೆ ನಿಂತುಬಿಟ್ಟಿವೆ. ಸಂತೋಷವಾದರೂ ಅದೇ ಮುಖ, ಹಲ್ಲುನೋವು ಬಂದರೂ ಅದೇ ಮುಖ. ಮಗಳು ಹುಟ್ಟಿದಾಗ ತೆಗೆದ ಫೋಟೋದಲ್ಲಿ ಮಗುವನ್ನು ವಾಪಸ್ ಕೊಡಲು ಬಂದವರಂತೆ ಕಾಣುತ್ತಾರೆ.

ನನಗೆ ಅಭ್ಯಾಸವಾಗಿತ್ತು. ಮಗಳು ತನ್ಮಯಿಗೂ ಅಭ್ಯಾಸವಾಗಿತ್ತು. ತಿಮ್ಮಕ್ಕನಿಗೆ ಆಗಿರಲಿಲ್ಲ.

ತಿಮ್ಮಕ್ಕ ಎಂದರೆ ಮಹೇಶನ ಅಜ್ಜಿ. ಮಹೇಶ್ ಎಂದರೆ ತನ್ಮಯಿ ಮದುವೆಯಾಗಬೇಕೆಂದಿರುವ ಹುಡುಗ. ಇಬ್ಬರಿಗೂ ಬಿಟಿಎಂ ಲೇಔಟಿನ ಒಂದೇ ಆಫೀಸಿನಲ್ಲಿ ಕೆಲಸ. ಮಹೇಶನವರದು ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆ, ಬೌದ್ಧರು. ಅವನ ತಾಯಿ ಸಂಘಮಿತ್ರಾ ಆಸ್ಪತ್ರೆಯಲ್ಲಿ ನರ್ಸ್. ಅವರು ನೈಟ್ ಡ್ಯೂಟಿಗೆ ಹೋದಾಗಲೆಲ್ಲ ಮಗನನ್ನು ಸಾಕಿದವರು ತಿಮ್ಮಕ್ಕ. ನಾವು ಹನುಮಂತನಗರದ ಬ್ರಾಹ್ಮಣರು. ತಕರಾರು ಬಂದರೆ ನಮ್ಮ ಕಡೆಯಿಂದಲೇ ಬರುತ್ತದೆಂದು ಎಲ್ಲರೂ ಕಾದು ಕೂತಿದ್ದರು. ಬರಲಿಲ್ಲ. ನನ್ನ ಗಂಡನಿಗೆ ಮಹೇಶ್ ಎಂದರೆ ಪ್ರಾಣ, ಏಕೆಂದರೆ ಅವನು ವಾಟ್ಸಾಪ್‌ನಲ್ಲೂ ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಕನ್ನಡ ಟೈಪ್ ಮಾಡುತ್ತಾನೆ.

ಹೋದ ತಿಂಗಳು ಅವರೆಲ್ಲ ನಮ್ಮ ಮನೆಗೆ ಬಂದರು. ನಮ್ಮವರು ಎರಡು ಗಂಟೆ ಹೊತ್ತು ಎದುರಿನ ಕುರ್ಚಿಯಲ್ಲಿ ಆ ಮುಖ ಇಟ್ಟುಕೊಂಡು ಕೂತರು. ತಿಮ್ಮಕ್ಕ ನೀರು ಕುಡಿದಾಗ ಲೋಟವನ್ನೇ ನೋಡಿದರು. ಇನ್ನೊಂದು ಲೋಟ ಬೇಕಾ ಎಂದು ಕೇಳಲೋ ಬೇಡವೋ ಅಂತ ಯೋಚಿಸುತ್ತಿದ್ದರಂತೆ. ಯಾರಿಗೆ ಗೊತ್ತಾಗಬೇಕು?

ಮಾರನೆಯ ದಿನ ತನ್ಮಯಿ ಅಳುತ್ತ ಬಂದು, ತಿಮ್ಮಕ್ಕ ಅಂದಿದ್ದನ್ನು ಅಂದ ಹಾಗೇ ಹೇಳಿದಳು: "ಆವಯ್ಯನ ಬಾಯಿ ಬನ್ನಿ ಅಂತು, ಹಣೆ ಹೋಗಿ ಅಂತು. ನಾನು ನೀರು ಕುಡಿಯೋದ್ನ ಹುಬ್ಬು ಗಂಟಿಕ್ಕಂಡು ನೋಡೋರನ್ನ ಬೇಕಾದಷ್ಟು ನೋಡಿವ್ನಿ ಕಣ್ಲಾ. ಮನಸ್ಸಿಲ್ದಿರೋ ಮನೆ ಹೆಣ್ಣು ನಮ್ಗೆ ಬ್ಯಾಡ."

ಅಜ್ಜಿಯ ಮಾತನ್ನು ಮಹೇಶ್ ಮೀರುವವನಲ್ಲ. ಹೇಗೋ ಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿದ್ದ: ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅವರ ಮನೆಯಲ್ಲಿ ಊಟ. ಅಂದು ಅಜ್ಜಿ ಹ್ಞೂಂ ಅಂದರೆ ಮದುವೆ. ಇಲ್ಲವೆಂದರೆ ಇಲ್ಲ.

ಆ ರಾತ್ರಿ ನಮ್ಮವರು ಕನ್ನಡಿಯ ಮುಂದೆ ನಿಂತು ಎರಡು ಹೆಬ್ಬೆರಳಿಂದ ಹಣೆ ಅಗಲಿಸಿ ನೋಡಿಕೊಂಡರು. ಬಿಟ್ಟ ಕೂಡಲೇ ಗಂಟು ವಾಪಸ್ ಬಂತು.

"ಜಯಾ, ಇದನ್ನ ಬಿಚ್ಚಿಸೋಕ್ಕೆ ಆಗಲ್ವೇನೇ?"

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಈಗ ದರ್ಶಿನಿ ಹೋಟೆಲುಗಳಿಗಿಂತ ಹೆಚ್ಚು ಚರ್ಮದ ಕ್ಲಿನಿಕ್‌ಗಳಿವೆ. ನಾನು ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಟ್ಟು, ಮನೆಗೆ ಬಂದು ಪೇಪರ್ ತಿದ್ದಿ, ಅಡುಗೆ ಮಾಡಿ ಬೀಳುವವಳು; ನನಗೂ ರಜೆ ಭಾನುವಾರ, ಅವರಿಗೂ ಭಾನುವಾರ. ಆದ್ದರಿಂದ ಊಟದ ದಿನವೇ ಬೆಳಿಗ್ಗೆ ಹತ್ತಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಕಟಿಂಗ್ ಮಾಡಿಸಿಕೊಂಡ ಹಾಗೆ, ಮುಖ ಫ್ರೆಶ್ಶಾಗಿರಲಿ ಅಂತ. ಅದೇ ನಾನು ಮಾಡಿದ ಮೊದಲನೇ ತಪ್ಪು.

ಡಾಕ್ಟರ್ ಸಮನ್ವಿತಾ ನಮ್ಮ ತನ್ಮಯಿಗಿಂತ ಚಿಕ್ಕವಳಂತೆ ಕಂಡಳು. ಕೈಯಲ್ಲಿ ಬಿಳಿ ಪೆನ್ಸಿಲ್ ಹಿಡಿದು ಎದುರು ಕೂತಳು.

"ಅಂಕಲ್, ಕೋಪ ಮಾಡ್ಕೊಳ್ಳಿ."

"ಯಾರ ಮೇಲೆ?"

"ಸುಮ್ನೆ. ಹುಬ್ಬು ಗಂಟಿಕ್ಕಿ."

"ಇಕ್ಕಿದೀನಲ್ಲಮ್ಮ."

"ಸರಿ, ಈಗ ಬಿಡಿ."

"ಬಿಟ್ಟಿದೀನಲ್ಲಮ್ಮ."

ಡಾಕ್ಟರ್ ನನ್ನ ಕಡೆ ನೋಡಿದಳು. "ಎರಡೂ ಒಂದೇ ಡಾಕ್ಟ್ರೇ. ಅದಕ್ಕೇ ಬಂದಿರೋದು," ಅಂದೆ.

ಐದು ಚುಕ್ಕಿ ಇಟ್ಟು ಐದು ಸಲ ಚುಚ್ಚಿದಳು. ನಮ್ಮವರು ಒಂದೊಂದು ಚುಚ್ಚಿಗೂ "ಹ್ಞಾ" ಅನ್ನುತ್ತಿದ್ದರು, ಯಾರೋ ಹಾಜರಿ ಕೂಗಿದ ಹಾಗೆ. ಇದಕ್ಕೆ ಬೊಟಾಕ್ಸ್ ಅನ್ನುತ್ತಾರೆ, ಗೆರೆ ಎಳೆಯುವ ಸ್ನಾಯುವನ್ನು ಮೂರು ನಾಲ್ಕು ತಿಂಗಳು ಮಲಗಿಸುತ್ತದೆ ಎಂದು ವಿವರಿಸಿದಳು.

"ಒಂದು ಮೂರ್ನಾಲ್ಕು ದಿನಕ್ಕೆ ಕೆಲಸ ಶುರುವಾಗತ್ತೆ. ಪೂರ್ತಿ ರಿಸಲ್ಟ್ ಎರಡು ವಾರಕ್ಕೆ."

"ಎರಡು ವಾರ?" ನಾನು ಎದ್ದೇ ನಿಂತೆ. "ನಮಗೆ ಒಂದು ಗಂಟೆಗೆ ಊಟ ಇದೆ!"

"ಊಟ ಮಾಡಬಹುದು ಆಂಟಿ, ಏನೂ ತೊಂದರೆ ಇಲ್ಲ. ಆದ್ರೆ ನಾಲ್ಕು ಗಂಟೆ ತಲೆ ಬಗ್ಗಿಸಬಾರದು, ಮಲಗಬಾರದು, ಹಣೆ ಒತ್ತಬಾರದು. ಔಷಧಿ ಪಕ್ಕಕ್ಕೆ ಹರಡಿದ್ರೆ ಹುಬ್ಬು, ರೆಪ್ಪೆ ಎಲ್ಲ ಎಲ್ಲೆಲ್ಲಿಗೋ ಹೋಗಬಹುದು."

ಗಡಿಯಾರ ನೋಡಿದೆ. ಹತ್ತು ಇಪ್ಪತ್ತು. ಅಂದರೆ ಎರಡು ಇಪ್ಪತ್ತರವರೆಗೆ. ಹೊರಗೆ ಬಂದಾಗ ನಮ್ಮವರ ಮುಖದಲ್ಲಿ ಹಳೆಯ ಗಂಟು ಹಾಗೇ ಇತ್ತು. ಮೇಲೆ ಸೊಳ್ಳೆ ಕಚ್ಚಿದಂಥ ಐದು ಗುಳ್ಳೆ.

"ಯಾರಿಗೂ ಹೇಳ್ಬೇಡ," ಅಂದರು. "ಗಂಡಸು ಮುಖಕ್ಕೆ ಸೂಜಿ ಹಾಕಿಸ್ಕೊಂಡ ಅಂತ ಗೊತ್ತಾದ್ರೆ ಪ್ರೆಸ್‌ನಲ್ಲಿ ತಲೆ ಎತ್ತೋ ಹಾಗಿಲ್ಲ."

"ಸದ್ಯಕ್ಕೆ ಎತ್ತಿಕೊಂಡೇ ಇರಿ," ಅಂದೆ.

ಹಣ್ಣು, ಹೂವು ಕೊಂಡು, ಪಾರ್ಕಿನ ಬೆಂಚಿನಲ್ಲಿ ನೆಟ್ಟಗೆ ಕೂತು ಹೊತ್ತು ಕಳೆದು, ಮೆಟ್ರೋ ಹತ್ತಿದೆವು. ತುಂಬಿದ ಕೊಡ ಹೊತ್ತವರಂತೆ ಅವರು ನಿಂತಿದ್ದರು. ಬನಶಂಕರಿ ದಾಟುವಾಗ ಒಂದು ಹುಡುಗಿಯ ಇಯರ್‌ಫೋನ್ ಡಬ್ಬಿ ಉರುಳಿ ಅವರ ಕಾಲ ಬಳಿ ಬಂತು.

"ಅಂಕಲ್, ಪ್ಲೀಸ್, ಅದೊಂದು ಎತ್ಕೊಡ್ತೀರಾ?"

ಅವರು ಕತ್ತು ಒಂದಿಷ್ಟೂ ಅಲುಗಿಸದೆ, ಲಿಫ್ಟ್ ಇಳಿದ ಹಾಗೆ ಮಂಡಿ ಮಡಿಸಿ ನೇರ ಕೆಳಗಿಳಿದರು. ಕೈಯಿಂದ ತಡಕಾಡಿ ಡಬ್ಬಿ ಹಿಡಿದರು. ಹಾಗೇ ಮೇಲೆ ಬಂದರು.

"ವಾವ್, ಸಖತ್ ಸ್ಕ್ವಾಟ್ ಅಂಕಲ್! ಜಿಮ್ಮಾ?"

"ಪ್ರೂಫ್ ರೀಡಿಂಗ್," ಅಂದರು ಗಂಭೀರವಾಗಿ.

ಅಲ್ಲಿಂದ ನನಗೆ ನಗು ಹತ್ತಿತು. ಮಗಳ ಜೀವನದ ಪ್ರಶ್ನೆ, ನಗಬಾರದು ಅಂದುಕೊಂಡಷ್ಟೂ ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಸೆರಗು ಬಾಯಿಗಿಟ್ಟುಕೊಂಡು ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿದೆ.

ಮಹೇಶನ ಮನೆ ಹಳೆಯ ಕಾಲದ್ದು, ಸುತ್ತ ನಾಲ್ಕು ಅಂತಸ್ತಿನ ಕಟ್ಟಡಗಳ ನಡುವೆ ಒಂದು ಪುಟ್ಟ ಹೆಂಚಿನ ಮನೆ. ಬಾಗಿಲು ನಮ್ಮವರ ಎದೆಮಟ್ಟಕ್ಕಿತ್ತು.

"ಅಂಕಲ್, ತಲೆ ಜೋಪಾನ. ಬಗ್ಗಿ ಬನ್ನಿ," ಅಂದ ಮಹೇಶ್.

ನಮ್ಮವರು ನನ್ನನ್ನು ನೋಡಿದರು. ಆಮೇಲೆ ಮೆಟ್ರೋದಲ್ಲಿ ಕುಳಿತಂತೆಯೇ ಕುಕ್ಕರುಗಾಲಿನಲ್ಲಿ ಕುಳಿತು, ತಲೆ ಸೆಟೆದುಕೊಂಡೇ, ಬಾತುಕೋಳಿಯ ಹಾಗೆ ಹೊಸಿಲು ದಾಟಿದರು. ಒಳಗೆ ಮಣೆಯ ಮೇಲೆ ಕುಳಿತಿದ್ದ ತಿಮ್ಮಕ್ಕ ಅದನ್ನು ಮೊದಲಿಂದ ಕೊನೆಯವರೆಗೂ ನೋಡಿದರು.

"ಅಮ್ಮ, ಅಪ್ಪ ಏನ್ ಆಡ್ತಿದಾರೆ?" ನಮಗಿಂತ ಮೊದಲೇ ಬಂದಿದ್ದ ತನ್ಮಯಿ ನನ್ನ ಕಿವಿಯಲ್ಲಿ ಕೇಳಿದಳು.

"ಸೊಂಟ," ಅಂದೆ.

ನಡುಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಕೆಳಗೆ ಬುದ್ಧನ ವಿಗ್ರಹ, ಮೊಂಬತ್ತಿ, ಹೂವು. ಊಟಕ್ಕೆ ಮುಂಚೆ ವಂದನೆ ಮಾಡೋಣ ಎಂದು ಸಂಘಮಿತ್ರಾ ಎಲ್ಲರನ್ನೂ ಕರೆದರು. ಎಲ್ಲರೂ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದರು. ನಾನೂ ಹಚ್ಚಿದೆ. ಎದ್ದು ನೋಡಿದರೆ ಒಬ್ಬರೇ ಒಬ್ಬರು ಕೈ ಮುಗಿದುಕೊಂಡು ಕಂಬದ ಹಾಗೆ ನಿಂತಿದ್ದರು. ಹುಬ್ಬು ಗಂಟಿಕ್ಕಿಕೊಂಡು.

ತಿಮ್ಮಕ್ಕ ನಿಧಾನವಾಗಿ ಎದ್ದು ಅವರ ಎದುರು ಬಂದು ನಿಂತರು. ಅವರ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

"ಬಗ್ಗಕ್ಕಾಗಕಿಲ್ವಾ ಸ್ವಾಮಿ?"

ನಮ್ಮವರು ನನ್ನ ಕಡೆ ತಿರುಗಿದರು. "ಜಯಾ, ಟೈಮೆಷ್ಟು?"

"ಒಂದು ಹತ್ತು," ಅಂದೆ.

"ಹೊತ್ತಾಯ್ತಂತೆ ಕಣಮ್ಮಿ," ತಿಮ್ಮಕ್ಕ ಸೊಸೆಗೆ ಹೇಳಿದರು. "ಎಲೆ ಹಾಕಬ್ಯಾಡ. ಅವ್ರು ಹೊರಡ್ತಾರೆ."

ಮಹೇಶ್ ನೆಲ ನೋಡಿದ. ತನ್ಮಯಿ ಅಪ್ಪನನ್ನು ನೋಡಿದಳು. ನಮ್ಮವರು ಮಗಳ ಮುಖ ನೋಡಿ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅಂಗಿಯ ತೋಳು ಮಡಿಸಿದರು. ಮಂಡಿ ಊರಿದರು. ಆಮೇಲೆ ಮರ ಉರುಳಿದ ಹಾಗೆ, ತಿಮ್ಮಕ್ಕನ ಪಾದದ ಮುಂದೆ ಉದ್ದಕ್ಕೆ ಬಿದ್ದುಬಿಟ್ಟರು. ಹಣೆ ಆ ಕೆಂಪು ನೆಲಕ್ಕೆ ಇನ್ನೇನು ತಾಗಬೇಕು. ಬೆಳಿಗ್ಗೆಯಿಂದ ಆ ಹಣೆಯನ್ನೇ ಕಾದುಕೊಂಡು ಬಂದಿದ್ದ ನಾನು ಕಿರುಚಿದೆ:

"ರೀ, ಮುಟ್ಟಿಸ್ಬೇಡಿ! ಹಣೆ ಮುಟ್ಟಿಸ್ಬೇಡಿ!"

ಮಾತು ಬಾಯಿಂದ ಹೊರಟು ಆ ಮನೆಯ ನಡುವೆ ಬಿದ್ದ ಮೇಲೆಯೇ ಅದು ನನಗೆ ಕೇಳಿಸಿತು. ಎಂಥ ಮಾತು, ಯಾವ ಮನೆಯಲ್ಲಿ, ಯಾರ ಬಾಯಿಂದ. ತನ್ಮಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಏನಂದ್ರಿ ನೀವು?" ಸಂಘಮಿತ್ರಾ ಮೆಲ್ಲಗೆ ಕೇಳಿದರು.

"ಅಯ್ಯೋ, ಹಾಗಲ್ಲ... ಅದಲ್ಲ ನಾನು ಹೇಳಿದ್ದು... ಇಂಜೆಕ್ಷನ್! ಅವರಿಗೆ ಇಂಜೆಕ್ಷನ್ ಆಗಿದೆ!"

"ಏನ್ ಇಂಜೆಕ್ಸನ್ನು?" ತಿಮ್ಮಕ್ಕ ಕೇಳಿದರು. "ನಾಯಿ ಕಚ್ತಾ?"

"ಇಲ್ಲಮ್ಮ, ಹಣೆಗೆ."

"ಹಣೆಗೆ ಕಚ್ತಾ?"

"ನಾಯಿ ಅಲ್ಲ ತಾಯಿ," ನೆಲದಿಂದ ನಮ್ಮವರ ಧ್ವನಿ ಬಂತು. "ಬೊಟಾಕ್ಸು."

"ಅದ್ಯಾವ ಜಾತಿ ನಾಯಿ?"

ಮಹೇಶನ ಮೂಗಿನಿಂದ ಒಂದು ಸದ್ದು ಹೊರಟಿತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಕನ್ನಡಿ, ಕ್ಲಿನಿಕ್ಕು, ಐದು ಚುಚ್ಚು, ಎರಡು ಇಪ್ಪತ್ತು. ಅಷ್ಟರಲ್ಲಿ ನಮ್ಮವರು ಎದ್ದು ನೆಲದ ಮೇಲೆ ಕುಳಿತಿದ್ದರು. ಸಂಘಮಿತ್ರಾ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆಸ್ಪತ್ರೆಯಲ್ಲಿ ನೋಡುವ ಹಾಗೆ ನೋಡಿದರು.

"ಐದು ಪಾಯಿಂಟ್. ನಿಜಾನೇ ಅತ್ತೆ. ಅಲ್ಲಾ ಸಾರ್, ಇದು ಹಿಡಿಯೋಕೆ ಹದಿನೈದು ದಿನ ಬೇಕು. ಇವತ್ತು ಬೆಳಿಗ್ಗೆ ಯಾಕೆ ಹಾಕಿಸ್ಕೊಂಡ್ರಿ?"

"ಅವಳನ್ನ ಕೇಳಿ. ಗಣಿತದ ಟೀಚರ್ರು."

ತಿಮ್ಮಕ್ಕ ನಗಲಿಲ್ಲ. ನಮ್ಮವರ ಎದುರಿಗೆ ಬಂದು ಕೂತರು. "ಯಾಕ್ ಮಾಡಿಸ್ಕಂಡೆ?"

"ನಿಮಗೆ ನನ್ನ ಮುಖ ನೋಡಿ ನೋವಾಯ್ತಂತೆ," ಅಂದರು ನಮ್ಮವರು. "ಅವತ್ತು ಇನ್ನೊಂದು ಲೋಟ ನೀರು ಬೇಕಾ ಅಂತ ಕೇಳ್ಬೇಕಿತ್ತು. ಕೇಳಲಿಲ್ಲ. ಯೋಚಿಸ್ತಾ ಕೂತೆ. ನನ್ನ ಯೋಚನೆ ಎಲ್ಲ ಈ ಗಂಟಲ್ಲೇ ಸಿಕ್ಕಾಕ್ಕೊಳ್ಳತ್ತೆ ತಾಯಿ, ಮುಖಕ್ಕೆ ಬರೋದೇ ಇಲ್ಲ. ಮಹೇಶ ನಮ್ಮನೆಗೆ ಬರ್ತಾನೆ ಅಂದಾಗಿಂದ ನಾನು ಪ್ರೆಸ್‌ನಲ್ಲಿ ಒಂದು ತಪ್ಪೂ ಹಿಡಿದಿಲ್ಲ, ಅಷ್ಟು ಖುಷಿ. ಇವಳನ್ನ ಬೇಕಾದ್ರೆ ಕೇಳಿ."

"ನಂಗೆ ಒಳ್ಳೆ ಮಖ ತೋರ್ಸಕ್ಕೆ ಮಖಕ್ಕೇ ಸೂಜಿ ಚುಚ್ಚಿಸ್ಕಂಡ್ಯಾ?"

ಅವರು ಹೌದೆಂದು ತಲೆ ಆಡಿಸಿದರು.

"ಬಗ್ಗಿಸ್ಬೇಡಿ!" ಅಂದೆ ನಾನು, ಅಂದು ಬಾಯಿ ಮುಚ್ಚಿಕೊಂಡೆ.

ಮೊದಲು ತಿಮ್ಮಕ್ಕನ ಭುಜ ಕುಣಿಯಿತು. ಆಮೇಲೆ ಹೊಟ್ಟೆ. ಸದ್ದೇ ಇಲ್ಲದೆ ನಕ್ಕು ನಕ್ಕು ಪಕ್ಕದ ಗೋಡೆಗೆ ಒರಗಿದರು. ಮಹೇಶ್ ಕಟ್ಟೆಯೊಡೆದ ಹಾಗೆ ಶುರುವಾದ, ತನ್ಮಯಿ ಅಳುತ್ತಲೇ ನಕ್ಕಳು, ಸಂಘಮಿತ್ರಾ "ಬಾತುಕೋಳಿ... ಅದಕ್ಕೇ ಆ ಬಾತುಕೋಳಿ..." ಎಂದು ಮುಂದೆ ಹೇಳಲಾರದೆ ಹೋದರು.

ನಗು ಇಳಿದ ಮೇಲೆ ತಿಮ್ಮಕ್ಕ ಕಣ್ಣೊರೆಸಿಕೊಂಡು ನಮ್ಮವರ ಹಣೆಯತ್ತ ಕೈ ಚಾಚಿದರು. ಅರ್ಧದಲ್ಲಿ ನಿಲ್ಲಿಸಿದರು.

"ಮುಟ್ಟಬೌದಾ? ನಿಮ್ಮ ಡಾಕ್ಟ್ರಮ್ಮ ಬ್ಯಾಡ ಅಂದವ್ಳೆ."

ತಮಾಷೆಗೇ ಅಂದಿದ್ದು. ಆದರೂ ಆ ಕೈ ಗಾಳಿಯಲ್ಲಿ ನಿಂತೇ ಇತ್ತು. ಮಹೇಶ್ ನಗು ನಿಲ್ಲಿಸಿದ. ನಾನು ಗಡಿಯಾರ ನೋಡಲಿಲ್ಲ.

ನಮ್ಮವರು ಆ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದು ತಾವೇ ಹಣೆಗೆ ಒತ್ತಿಕೊಂಡರು. "ಒತ್ತಿ ತಾಯಿ. ಚೆನ್ನಾಗಿ ಒತ್ತಿ."

ತಿಮ್ಮಕ್ಕ ಒತ್ತಿದರು. ರೊಟ್ಟಿ ತಟ್ಟಿದ ಕೈ, ಅದರ ಬಲ ನಾನಿದ್ದಲ್ಲಿಗೇ ಕಾಣುತ್ತಿತ್ತು. ಹೆಬ್ಬೆರಳಿಂದ ಎಡಹುಬ್ಬಿನ ಮೇಲೆ ಒಂದು ಸಲ ಸವರಿ, ಸೊಸೆಯ ಕಡೆ ತಿರುಗಿ, "ಇನ್ನೂ ಯಾಕ್ ನಿಂತಿದ್ದೀಯಮ್ಮಿ? ಎಲೆ ಹಾಕು. ಬೀಗರು ಹಸ್ಕಂಡವ್ರೆ," ಅಂದರು.

ಬೀಗರು! ತನ್ಮಯಿ ನನ್ನ ಕೈ ಹಿಡಿದದ್ದು ಎಷ್ಟು ಜೋರಾಗಿತ್ತೆಂದರೆ ಬಳೆ ಒಡೆಯಿತು. ಮುದ್ದೆ, ಹಿತಕಿದ ಅವರೆಬೇಳೆ ಸಾರು. ಸಾರು ಬಡಿಸಲು ಬಂದ ಮಹೇಶನಿಗೆ ಸಂಘಮಿತ್ರಾ "ಸ್ವಲ್ಪ ಬಗ್ಗಿ ಬಡಿಸೋ" ಅಂದದ್ದೇ ತಡ, ಎಲ್ಲರೂ ಮತ್ತೆ ಶುರು. ಸಾರು ಎಲೆಗಿಂತ ನೆಲಕ್ಕೇ ಹೆಚ್ಚು ಬಿತ್ತು.

ಗುರುವಾರ ಬೆಳಿಗ್ಗೆ ಬಚ್ಚಲಿನಿಂದ "ಜಯಾ!" ಎಂಬ ಕೂಗು ಬಂತು. ಓಡಿದೆ. ಗಂಟು ಹೋಗಿತ್ತು. ಹಣೆ ತೊಳೆದ ಸ್ಲೇಟಿನ ಹಾಗಿತ್ತು. ಆದರೆ ಎಡಗಡೆಯ ಹುಬ್ಬು ಮಾತ್ರ ತನ್ನ ಪಾಡಿಗೆ ತಾನು ಕೂದಲ ಕಡೆ ಹೊರಟುಬಿಟ್ಟಿತ್ತು, ಯಾರೋ ನಂಬಲಾರದ ಸುದ್ದಿ ಹೇಳುತ್ತಿದ್ದಾರೆ ಎಂಬಂತೆ. ನಾನು ಬಚ್ಚಲ ಬಾಗಿಲಲ್ಲೇ ಕುಸಿದು ಕೂತು ನಕ್ಕೆ.

"ಒತ್ತಿದ್ರಾ ಅಂಕಲ್?" ಫೋನಿನಲ್ಲಿ ಡಾಕ್ಟರ್ ಕೇಳಿದಳು.

"ಸ್ವಲ್ಪ," ಅಂದರು ನಮ್ಮವರು.

"ಒಂದೊಂದು ಸಲ ಒತ್ತದೇ ಇದ್ರೂ ಹಾಗಾಗತ್ತೆ. ಎರಡು ವಾರ ಬಿಟ್ಟು ಬನ್ನಿ, ಸರಿ ಮಾಡೋಣ."

ಅಷ್ಟರಲ್ಲಿ ತನ್ಮಯಿ ಫೋಟೋ ತೆಗೆದು ಕೋಣನಕುಂಟೆಗೆ ಕಳಿಸಿಯಾಗಿತ್ತು. ಐದು ನಿಮಿಷಕ್ಕೆ ವೀಡಿಯೋ ಕಾಲ್. ಪರದೆಯ ತುಂಬ ತಿಮ್ಮಕ್ಕನ ಒಂದು ಕಿವಿ, ಆಮೇಲೆ ಕಣ್ಣು.

"ಇಂಗ್ ತಿರುಗು," ಅಂದರು. ನಮ್ಮವರು ತಿರುಗಿದರು. "ಅಂಗ್ ತಿರುಗು." ತಿರುಗಿದರು.

"ಎಡಗಡೆದು ನಾನ್ ಒತ್ತಿದ್ದು. ಎರಡು ವಾರ ಗಿರ ಏನೂ ಬ್ಯಾಡ, ಆ ಡಾಕ್ಟ್ರು ಹುಡ್ಗಿಗೆ ಹೇಳು. ಭಾನುವಾರ ಮದುವೆ ದಿನ ಗೊತ್ತು ಮಾಡಕ್ಕೆ ಬರ್ತೀವಲ್ಲಾ, ಆಗ ಬಲಗಡೆನೂ ಒತ್ತಿ ಸಮ ಮಾಡ್ಬುಡ್ತೀನಿ."

"ಆಯ್ತು ತಾಯಿ," ಅಂದರು ನಮ್ಮವರು, ಒಂದೇ ಹುಬ್ಬಿನಲ್ಲಿ ಬೆರಗಾಗಿ.